ತುರಟಿ ಹಾಕಿದ ಹೌಜು

ಪ್ರತಿದಿನ ಮುಂಜಾನೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅಣ್ಣ ನನ್ನ ತಲೆಯ ಮೇಲೆ ಕೊಡ ಎತ್ತಿ ಇಡುತ್ತಿದ್ದ. ನಾನು ಸಿಂಬೆ ಸರಿಪಡಿಸಿಕೊಂಡು ಮೊಣಕಾಲು ತುಸು ಬಗ್ಗಿಸಿ ನಿಲ್ಲುತ್ತಿದ್ದೆ. ಅವನು ಎರಡೂ ಕೈಯಿಂದ ಕೊಡ ಎತ್ತಿ, ಸಿಂಬೆಯ ಮೇಲೆ ಕೂರಿಸಿ, "ಹಾಂ, ನಡಿ" ಅನ್ನುತ್ತಿದ್ದ. ಇನ್ನೊಂದು ಚಿಕ್ಕ ಕೊಡ ನನ್ನ ಸೊಂಟಕ್ಕೆ. ಮನೆಯಿಂದ ಅಂಗನವಾಡಿಗೆ ಇನ್ನೂರ ಹತ್ತು ಹೆಜ್ಜೆ. ಕೇಂದ್ರಕ್ಕೆ ನಳದ ಪೈಪು ಬಂದಿತ್ತು, ನೀರು ಬಂದಿರಲಿಲ್ಲ. ಹಾಗಾಗಿ ಇಪ್ಪತ್ತೆರಡು ಮಕ್ಕಳು ಕುಡಿಯುತ್ತಿದ್ದುದು ನಮ್ಮ ಮನೆಯ ನೀರು. ಅದನ್ನು ಹೊತ್ತು ತರುತ್ತಿದ್ದವಳು ನಾನು, ಅಲ್ಲಿಯ ಕಾರ್ಯಕರ್ತೆ. ಏಳು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ಭಾದ್ರಪದದ ಮಳೆಯಲ್ಲಿ ಆ ನೀರಿನಿಂದ ಏನಾಯಿತು ಎಂಬುದನ್ನು ನಾನು ಕಂಡಷ್ಟು, ಕಂಡ ಕ್ರಮದಲ್ಲೇ ಬರೆಯುತ್ತೇನೆ. ನಡುವೆ ಎಲ್ಲಿ ಸುಮ್ಮನಿದ್ದೆನೋ ಅದನ್ನೂ ಬಿಡುವುದಿಲ್ಲ.

ನಮ್ಮೂರು ಜೇವರ್ಗಿ ತಾಲೂಕಿನದು, ನೆಲೋಗಿಯಿಂದ ಇನ್ನೂ ಸ್ವಲ್ಪ ಒಳಗೆ. ಎರೆ ಭೂಮಿ. ಬೋರಿನ ನೀರು ಸವಳು, ಬಾಯಿಗೆ ಹಾಕಲಾಗದು. ಸಿಹಿನೀರು ನಳದಲ್ಲಿ ಐದು ದಿನಕ್ಕೊಮ್ಮೆ ಬರುತ್ತದೆ. ನಮ್ಮ ಅಪ್ಪ ಬದುಕಿದ್ದಾಗ ಅಂಗಳದ ನೆಲದೊಳಗೆ ಕಲ್ಲಿನ ದೊಡ್ಡ ತೊಟ್ಟಿ ಕಟ್ಟಿಸಿದ್ದರು. ಅದಕ್ಕೆ ನಮ್ಮ ಕಡೆ ಹೌಜು ಅನ್ನುತ್ತಾರೆ. ನಳ ಬಂದ ದಿನ ಅದು ತುಂಬಿದರೆ ಮುಂದಿನ ನಳದವರೆಗೆ ಖಾಲಿಯಾಗುತ್ತಿರಲಿಲ್ಲ. ಓಣಿಯ ಉಳಿದವರ ಡ್ರಮ್ಮುಗಳು ಮೂರನೇ ದಿನಕ್ಕೆ ಬತ್ತುತ್ತಿದ್ದವು. ಆಗ ಅವರು ಕೊಡ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ನೀರು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಅಪ್ಪನ ಮಾತು, ಅದನ್ನು ಅಣ್ಣನೂ ಮುರಿದಿರಲಿಲ್ಲ. ಊರಲ್ಲಿ ನಮ್ಮದು ಸಿಹಿನೀರಿನ ಮನೆ. ಆಳಂದದಿಂದ ಅಣ್ಣನ ಮಗಳನ್ನು ನೋಡಲು ಬಂದ ಬೀಗರು ಮೊದಲು ಹೊಗಳಿದ್ದು ಹುಡುಗಿಯನ್ನಲ್ಲ, ನೀರನ್ನು.

ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣ ನನಗೆ ಆ ಮನೆಯ ಎಡಭಾಗದ ಎರಡು ಕೋಣೆ ಬಿಟ್ಟುಕೊಟ್ಟ. ಒಂದು ಮಾತು ಆಡದೆ ಕೊಟ್ಟ. ಅಂಗಳ, ಹೌಜು, ಸಂಡಾಸ ಇಬ್ಬರಿಗೂ ಸೇರಿದ್ದು.

ಆ ಹೆಮ್ಮೆ ನನಗೂ ತಲೆಗೇರಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಕೇಂದ್ರದಲ್ಲಿ ಮೂರು ವರ್ಷದ ಒಬ್ಬ ಹುಡುಗಿ ಇದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, ಕೊನೆಯ ಹನಿಯವರೆಗೆ ಕುಡಿದು "ಔರ್", ಅಂದರೆ ಇನ್ನೂ ಬೇಕು, ಅನ್ನುವವಳು. ಅವಳ ತಾಯಿ ಓಣಿಯ ತುದಿಯ ಮನೆಯವಳು, ತೊಗರಿ ಹೊಲಗಳಿಗೆ ಕಳೆ ತೆಗೆಯಲು ಹೋಗುವವಳು. ಮೊದಲ ವಾರ ಮಗಳ ಕೊರಳಿಗೆ ಪ್ಲಾಸ್ಟಿಕ್ ಬಾಟಲಿ ಹಾಕಿ ಕಳಿಸಿದ್ದಳು. ನಾನೇ ಅದನ್ನು ತೆಗೆದುಕೊಟ್ಟೆ.

"ಇದೆಲ್ಲಾ ಬ್ಯಾಡ ತಂಗಿ. ಎಲ್ಲಿ ನೀರೋ ಏನೋ. ಇಲ್ಲಿ ನಮ್ಮ ಮನಿ ನೀರು ಅದ."

"ನಿಮ್ಮ ಮನೀದಂದ್ರ ಮುಗೀತ್ರಿ ಅಕ್ಕೋರ," ಎಂದು ಅವಳು ನಕ್ಕಿದ್ದಳು. "ಬಾಟ್ಲಿ ನಾನೇ ಹೊಲಕ್ಕ ಒಯ್ತೇನಿ."

ಅಂದು ಸೋಮವಾರ. ಮೂರು ದಿನದಿಂದ ಬಿಟ್ಟೂ ಬಿಡದೆ ಮಳೆ. ನಾನು ಎಂದಿನಂತೆ ನೀರು ಹೊತ್ತು ಕೇಂದ್ರಕ್ಕೆ ಹೋಗಿದ್ದೆ. ಹತ್ತರ ಸುಮಾರಿಗೆ ಮನೆಯಲ್ಲಿ ಸಂಡಾಸ ತುಂಬಿ ಹರಿಯಿತು. ಇದನ್ನು ನಾನು ಕಣ್ಣಾರೆ ಕಾಣಲಿಲ್ಲ. ನಾಲ್ಕಕ್ಕೆ ಬಂದಾಗ ಅಂಗಳದ ಫರಸಿ ಕಲ್ಲು ತೊಳೆದಿತ್ತು, ಫಿನಾಯಿಲ್ ವಾಸನೆ ಮೂಗಿಗೆ ಹತ್ತುತ್ತಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕೂತಿದ್ದರು.

"ಏನ್ ಹೇಳ್ಲಿ ನಿನಗ," ಅಂದರು. "ಗುಂಡಿ ತುಂಬಿ ಎಲ್ಲಾ ಹಿಂದಕ್ಕ ಹೊಳ್ಳಿ ಬಂತು. ಪಾದದ ತನಕ ನಿಂತಿತ್ತು ಅಂಗಳದಾಗ. ಇಪ್ಪತ್ತ್ ಬಕೇಟ್ ನೀರು ಹೊಡದೇನಿ ನೋಡು. ನನ್ನ ನಡಾ ಹೋತು."

ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದ ಮೇಲೆ ಒಂದು ಹನಿಯನ್ನೂ ಇಂಗಿಸಿಕೊಳ್ಳುವುದಿಲ್ಲ. ಮೂರು ದಿನದ ಮಳೆಗೆ ಗುಂಡಿಯ ಸುತ್ತಲ ಮಣ್ಣು ನೀರು ಕುಡಿದು ತುಂಬಿಕೊಂಡಿತ್ತು. ಗುಂಡಿಯೊಳಗಿನದಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲ, ಬಂದ ದಾರಿಯಲ್ಲೇ ಮರಳಿತು. ನಾನು ಸಂಡಾಸದ ಬಾಗಿಲಿಂದ ಹೌಜಿನ ಬಾಯಿಯವರೆಗೆ ನಡೆದು ನೋಡಿದೆ. ಹನ್ನೊಂದು ಹೆಜ್ಜೆ. ಹೌಜಿನ ಬಾಯಿಗೆ ಚಪ್ಪಡಿ ಮುಚ್ಚಿತ್ತು, ಆದರೆ ಅದು ನೆಲದ ಮಟ್ಟಕ್ಕೇ ಇತ್ತು. ಒಂದು ಮೂಲೆಯಲ್ಲಿ ಮೋಟಾರಿನ ಪೈಪು ಇಳಿಯಲು ಬಿಟ್ಟ ಸಂದಿ. ಆ ಸಂದಿಯ ಸುತ್ತಲ ಫರಸಿ ವರ್ಷಗಳಿಂದ ಕುಸಿಯುತ್ತಾ ಬಂದು ತಟ್ಟೆಯ ನಡುವಿನಂತೆ ತಗ್ಗಾಗಿತ್ತು. ಅಂಗಳಕ್ಕೆ ಬಿದ್ದ ನೀರೆಲ್ಲ ಮೊದಲು ಅಲ್ಲಿಗೇ ಹೋಗಬೇಕು. ವೈನಿ ಹೊಡೆದ ಇಪ್ಪತ್ತು ಬಕೇಟೂ ಹೊಲಸನ್ನು ಬೀದಿಗೆ ತಳ್ಳಿದಷ್ಟೇ ಹೌಜಿಗೂ ತಳ್ಳಿರಬೇಕು.

ಚಪ್ಪಡಿ ಸರಿಸಿ ನೋಡಿದೆ. ನೀರಿನ ಬಣ್ಣ ಕೆಟ್ಟಿತ್ತು. ವಾಸನೆಯೂ ಇತ್ತು.

ಅಣ್ಣ ಬಂದಾಗ ಹೇಳಿದೆ. ಅವನು ಬಗ್ಗಿ ನೋಡಿದ, ಮೂಗು ಮುಚ್ಚಿಕೊಂಡ.

"ನಾಳಿಗೇ ಖಾಲಿ ಮಾಡಿಸಿ ತೊಳಸ್ತೇನಿ. ನೀ ಚಿಂತಿ ಮಾಡಬ್ಯಾಡ," ಅಂದ.

ಮಾರನೇ ದಿನ ಮಂಗಳವಾರ ನನಗೆ ಜೇವರ್ಗಿಯಲ್ಲಿ ತಿಂಗಳ ಮೀಟಿಂಗ್. ಕೇಂದ್ರದ ಸಹಾಯಕಿಗೆ ಅಂದು ಪಂಚಾಯಿತಿ ಆಫೀಸಿನಿಂದ ನೀರು ತರಲು ಹೇಳಿ ಹೋದೆ. "ಒಂದಿನ ನಮ್ಮ ಹೌಜಿನ ನೀರು ಸಿಗೂದಿಲ್ಲ" ಅಂದಾಗ ಅವಳು, "ಅಯ್ಯ, ಒಂದಿನ ಸವಳು ಮಾರಿ ಮಾಡ್ಕೊಂಡು ಇರ್ತಾವ ಬಿಡ್ರಿ ಹುಡುಗರು" ಎಂದಿದ್ದಳು. ಸಂಜೆ ಆರಕ್ಕೆ ಬಸ್ಸಿಳಿದು ಮನೆಗೆ ಬಂದೆ. ಅಣ್ಣ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಹೌಜು ತೊಳಸಿದ್ಯೇನಣ್ಣ?"

"ತೊಳಸೇನವ್ವ. ಇಬ್ಬರನ್ನ ಕರಿಸಿ, ತಳದ ತನಕ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸೇನಿ. ಹೋಗಿ ನೋಡು, ಕನ್ನಡಿ ಆಗ್ಯದ."

ಹೋಗಿ ನೋಡಿದೆ. ನಿಜಕ್ಕೂ ಕನ್ನಡಿ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲಿನ ಸಂದುಗಳು ಬ್ಯಾಟರಿ ಬೆಳಕಿಗೆ ಕಾಣುತ್ತಿದ್ದವು. ಅಪ್ಪ ಇದ್ದಾಗಲೂ ಅಷ್ಟು ತಿಳಿ ನೀರನ್ನು ನಾನು ನೋಡಿರಲಿಲ್ಲ.

ಇನ್ನೆರಡು ಸಂಗತಿಗಳನ್ನೂ ನಾನು ಅವತ್ತೇ ನೋಡಿದೆ. ಒಂದು: ನೀರು ಹೌಜಿನೊಳಗಿನ ಮೂರನೇ ಮೆಟ್ಟಿಲಿನವರೆಗೆ ಇತ್ತು, ಸೋಮವಾರ ಇದ್ದಷ್ಟೇ. ನಳ ಬರುವುದು ಗುರುವಾರ. ತಳದವರೆಗೆ ಖಾಲಿಯಾದ ಹೌಜು ನಳವಿಲ್ಲದೆ ಮತ್ತೆ ಮೂರನೇ ಮೆಟ್ಟಿಲಿಗೆ ಹೇಗೆ ಬಂತು? ಇನ್ನೊಂದು: ಬ್ಲೀಚಿಂಗ್ ಪೌಡರಿನ ವಾಸನೆ ಇರಲಿಲ್ಲ. ಅದರ ವಾಸನೆ ಒಂದು ದಿನಕ್ಕೆ ಹೋಗುವುದಿಲ್ಲ. ಟ್ಯಾಂಕರ್ ತರಿಸಿರಬೇಕು ಎಂದುಕೊಂಡೆ. ಟ್ಯಾಂಕರಿನ ನೀರಿಗೆ ವಾಸನೆ ಹೋಗಿರಬೇಕು ಎಂದುಕೊಂಡೆ. ಅಣ್ಣನಿಗಾಗಿ ಎರಡು ಸಮಜಾಯಿಷಿಗಳನ್ನು ನಾನೇ ಕಟ್ಟಿಕೊಂಡೆ. ಅವನು ಅಷ್ಟು ಶ್ರಮವನ್ನೂ ಪಟ್ಟಿರಲಿಲ್ಲ.

ಕೇಂದ್ರದ ಕಬ್ಬಿಣದ ಕಪಾಟಿನಲ್ಲಿ ನೀರು ಪರೀಕ್ಷೆಯ ಐದು ಪುಟ್ಟ ಗಾಜಿನ ಬಾಟಲಿಗಳಿದ್ದವು. ಒಳಗೆ ಔಷಧಿ ಹಚ್ಚಿದ ಒಂದು ಕಾಗದದ ಪಟ್ಟಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಕಡೆ ಒಂದು ದಿನ ಇಡಬೇಕು. ಮಲದ ಸೂಕ್ಷ್ಮಜೀವಿ ಇದ್ದರೆ ನೀರು ಕಪ್ಪಾಗುತ್ತದೆ. ತರಬೇತಿಯಲ್ಲಿ ನಮಗೆ ಇದನ್ನು ಕಲಿಸಿದ್ದರು. ಊರಿನ ಎರಡು ಬೋರು, ಶಾಲೆಯ ಟಾಕಿ, ಎಲ್ಲವನ್ನೂ ನಾನು ಪರೀಕ್ಷಿಸಿದ್ದೆ. ನಮ್ಮ ಹೌಜನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅದನ್ನು ಬಾಟಲಿಗೆ ತುಂಬುವುದೆಂದರೆ ಅಣ್ಣನ ಮಾತನ್ನು ಬಾಟಲಿಗೆ ತುಂಬಿದಂತೆ ಅನ್ನಿಸುತ್ತಿತ್ತು.

ಬುಧವಾರ ಮುಂಜಾನೆ ಅಣ್ಣ ಕೊಡ ಎತ್ತಿಟ್ಟ. ಗುರುವಾರ, ಶುಕ್ರವಾರ, ಶನಿವಾರ ಎತ್ತಿಟ್ಟ. "ಹಾಂ, ನಡಿ."

ಆ ವಾರ ಮನೆಯಲ್ಲಿ ಸಡಗರ. ಅಣ್ಣನ ಮಗಳು ಏಳು ತಿಂಗಳ ಬಸುರಿ, ಕುಬಸಕ್ಕೆಂದು ತವರಿಗೆ ಬಂದಿದ್ದಳು. ಮುಂದಿನ ಬುಧವಾರ ಹಸಿರು ಕುಬಸ ತೊಡಿಸುವ ಕಾರ್ಯ, ಆಳಂದದಿಂದ ಬೀಗರು ಗಾಡಿ ಮಾಡಿಕೊಂಡು ಬರುವವರಿದ್ದರು. ಶನಿವಾರ ನನಗೆ ಹೊಟ್ಟೆ ಕೆಟ್ಟಿತು. ಮುನ್ನಾದಿನದ ಬೇಳೆ ಹಳಸಿತ್ತೇನೋ ಎಂದುಕೊಂಡೆ. ಅಣ್ಣ, ವೈನಿ, ಮಗಳು ಮೂವರೂ ಚೆನ್ನಾಗಿದ್ದರು.

ಸೋಮವಾರ ಕೇಂದ್ರಕ್ಕೆ ಏಳು ಮಕ್ಕಳು ಬರಲಿಲ್ಲ. ಬಂದವರಲ್ಲಿ ಇಬ್ಬರು ಹತ್ತು ಗಂಟೆಯೊಳಗೆ ಚಾಪೆಯ ಮೇಲೆಯೇ ಭೇದಿ ಮಾಡಿಕೊಂಡರು. ಎರಡೂ ಕೈಯಲ್ಲಿ ಲೋಟ ಹಿಡಿಯುವ ಹುಡುಗಿ ಬಂದಿರಲಿಲ್ಲ. ಅವಳ ಮನೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟೆ. ಅದು ತಕ್ಷಣ ಹಿಂದಕ್ಕೆ ಹೋಗಲಿಲ್ಲ, ಮಡಿಕೆಯಾಗಿ ನಿಂತಿತು. ಅದರ ಅರ್ಥ ನನಗೆ ಗೊತ್ತು. ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಫೋನು ಮಾಡಿದೆ. ಅವರು ಬಂದು ಓ.ಆರ್.ಎಸ್. ಪೊಟ್ಟಣ ಕೊಟ್ಟು, "ಶುದ್ಧ ನೀರಾಗ ಕಲಸಿ ಗುಟುಕು ಗುಟುಕು ಕುಡಸ್ತಾ ಇರ್ರಿ, ಸಂಜೀ ತನಕ ಉಚ್ಚಿ ಹೊಯ್ಯದಿದ್ರ ಕಲಬುರಗಿಗೆ ಒಯ್ಯಬೇಕ್ರಿ" ಎಂದು ತಾಯಿಗೆ ತಿಳಿಸಿ ಹೇಳಿದರು. ಪೊಟ್ಟಣ ಎಲ್ಲ ಮನೆಗೂ ಸಾಲುವಷ್ಟಿರಲಿಲ್ಲ. ವೈನಿಯ ಬಳಿ ಮಗಳ ಔಷಧಿಯ ಡಬ್ಬಿಯಲ್ಲಿ ನಾಲ್ಕಾರು ಇದ್ದದ್ದು ನೆನಪಾಗಿ ಮನೆಗೆ ಓಡಿದೆ.

ವೈನಿ ಇರಲಿಲ್ಲ. ಒಳಕೋಣೆಯಲ್ಲಿ ಅಣ್ಣನ ಮಗಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. "ಡಬ್ಬಿ ಮಂಚದ ಬುಡಕ ಅದ ಅತ್ತಿ" ಅಂದಳು. ಬಗ್ಗಿದೆ. ಡಬ್ಬಿಯ ಮುಂದೆ ಹಳೆಯ ಸೀರೆ ಹೊದೆಸಿದ ಏನೋ ಇತ್ತು. ಸರಿಸಿದೆ. ಇಪ್ಪತ್ತು ಲೀಟರಿನ ಮೂರು ನೀಲಿ ಕ್ಯಾನು. ಎರಡು ಖಾಲಿ, ಒಂದು ಅರ್ಧ.

"ಇದೇನ್ಬೇ?"

"ಕುಡಿಯೂ ನೀರತ್ತಿ. ಅಪ್ಪ ನೆಲೋಗಿಯಿಂದ ತರಸ್ತಾನ."

"ಯಾವಾಗಿಂದ?"

"ಸಂಡಾಸ ತುಂಬಿತ್ತಲ್ಲ, ಅದರ ಮರುದಿನದಿಂದ. ಹೌಜಿನ ನೀರು ನೀವ್ಯಾರೂ ಬಾಯಿಗಿ ಹಾಕಬ್ಯಾಡ್ರಿ ಅಂತ ಹೇಳ್ಯಾನ. ನಿನಗ ಹೇಳಿಲ್ಲೇನು?"

ಅವಳು ಕೇಳಿದ್ದು ಸಹಜವಾಗಿ. ನನಗೆ ಹೇಳಿಲ್ಲ ಎಂಬುದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಾನು ಮಂಚದ ಕಾಲು ಹಿಡಿದುಕೊಂಡು ಎದ್ದೆ. ಮರುದಿನ ಅಂದರೆ ಮಂಗಳವಾರ. ಅದಾದ ಮೇಲೆ ಬುಧವಾರದಿಂದ ಇಂದಿನವರೆಗೆ ಐದು ಮುಂಜಾನೆ ಅವನು ನನ್ನ ತಲೆಯ ಮೇಲೆ ಕೊಡ ಎತ್ತಿಟ್ಟಿದ್ದ.

ಅಣ್ಣ ಪೇಟೆಯಿಂದ ಬರುವವರೆಗೆ ನಾನು ಎರಡು ಕೆಲಸ ಮಾಡಿದೆ. ಪೊಟ್ಟಣ ಹಂಚಿ ಬಂದೆ. ಕೇಂದ್ರದಿಂದ ಬಾಟಲಿ ತಂದು ಹೌಜಿನ ನೀರು ತುಂಬಿದೆ. ಅವನು ಚಪ್ಪಲಿ ಬಿಡುವಾಗ ಬಾಟಲಿ ನನ್ನ ಕೈಯಲ್ಲಿತ್ತು.

"ಕ್ಯಾನು ನೋಡಿದೆ," ಅಂದೆ.

ಅವನು ಚಪ್ಪಲಿಗಳನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ ದನಿ ತಗ್ಗಿಸಿದ.

"ಖಾಲಿ ಮಾಡಿಸಿದರ ನೀರು ಎಲ್ಲಿ ಬಿಡ್ಲಿ? ಓಣಿಗೇ ಬಿಡಬೇಕು. ಊರೆಲ್ಲಾ ಬಂದು ಯಾಕ್ರಿ ಅಂತ ಕೇಳ್ತದ. ಬೀಗರ ಕಿವಿಗಿ ಹೋಗಾಕ ಎಷ್ಟೊತ್ತು? ಬ್ಲೀಚಿಂಗ್ ಹಾಕಿದರ ವಾಸನಿ. ಅದಕ್ಕ ತುರಟಿ ತಿರುವೇನಿ. ನೀರು ತಿಳಿ ಆತಲ್ಲ!"

ತುರಟಿ ಅಂದರೆ ಪಟಿಕ. ಕೆಂಪು ನೀರಿಗೆ ನಮ್ಮ ಅಜ್ಜಿಯ ಕಾಲದಿಂದ ಅದನ್ನೇ ತಿರುಗಿಸುತ್ತಾರೆ, ಮಣ್ಣು ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ತಿಳಿಯಾದದ್ದು ಶುದ್ಧ ಎಂದು ನಮ್ಮ ಜನ ನಂಬಿದ್ದಾರೆ. ತುರಟಿ ಹೊಲಸನ್ನು ಕೂರಿಸುತ್ತದೆ, ಕೊಲ್ಲುವುದಿಲ್ಲ. ಇದನ್ನು ನಾನೇ ತಾಯಂದಿರ ಸಭೆಯಲ್ಲಿ ಹೇಳಿದ್ದೆ. ಅಣ್ಣನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಕ್ಯಾನು ಯಾಕೆ?

"ನಾನು ಅಂಗನವಾಡಿಗಿ ಒಯ್ಯೂದು ನಿನಗ ಗೊತ್ತಿರಲಿಲ್ಲೇನು?"

"ಗದ್ದಲದಾಗ ನೆನಪಾಗಲಿಲ್ಲ ತಂಗಿ."

"ಕೊಡ ಎತ್ತಿ ಇಟ್ಟವ ಯಾರು?"

ಅವನು ಬೇರೆ ಮಾತು ತೆಗೆದ. ಮಳೆಗಾಲದಲ್ಲಿ ಮಕ್ಕಳಿಗೆ ಹೊಟ್ಟೆ ಕೆಡುವುದು ಇದ್ದದ್ದೇ. ಇದೇ ನೀರಿಂದ ಅಂತ ಯಾರು ಹೇಳಬೇಕು. ಬುಧವಾರ ಒಂದು ಮುಗಿಯಲಿ, ಗುರುವಾರ ತಾನೇ ನಿಂತು ಹೌಜು ತೊಳೆಸುತ್ತೇನೆ. ಆಮೇಲೆ ನನ್ನ ಕೈಲಿದ್ದ ಬಾಟಲಿ ನೋಡಿ ಅಂದ:

"ಅದು ಕಪ್ಪಾದರ ಹೇಳುವಂತಿ. ಕಪ್ಪಾಗೂ ತನಕ ತಡಿ. ಇಷ್ಟು ವರ್ಷದಾಗ ನಿನ್ನ ಕಡಿಂದ ಏನಾರ ಕೇಳೇನೇನು ನಾ?"

ಕೇಳಿರಲಿಲ್ಲ. ಎರಡು ಕೋಣೆ ಕೊಟ್ಟದ್ದನ್ನು ಅವನು ಅಂದೇ ಮೊದಲು ನೆನಪಿಸಿದ್ದು, ಅದೂ ಹೆಸರೆತ್ತದೆ. ನಾನು ತಲೆಯಾಡಿಸಿದೆ. ಬಾಟಲಿ ಕಪ್ಪಾಗುವವರೆಗೆ ಕಾಯುವುದು ನ್ಯಾಯವೇ ಎಂದು ನನಗೆ ನಾನು ಹೇಳಿಕೊಂಡೆ. ನಾಳೆಯಿಂದ ಕೇಂದ್ರಕ್ಕೆ ಈ ನೀರು ಒಯ್ಯುವುದಿಲ್ಲ, ಅಷ್ಟು ಸಾಕು ಎಂದುಕೊಂಡೆ.

ಆರೂವರೆಗೆ ಹುಡುಗಿಯ ತಾಯಿ ಕೊಡ ಹಿಡಿದು ಬಂದಳು. ಸೆರಗಿನಿಂದ ತಲೆಯ ಮಳೆ ಒರೆಸಿಕೊಂಡು ಅಂಗಳದಲ್ಲೇ ನಿಂತಳು.

"ಅಣ್ಣಾರ, ಒಂದು ಕೊಡ ಸಿಹಿನೀರು ಕೊಡ್ರಿ. ಪುಡಿ ಕಲಸಾಕ ಶುದ್ಧ ನೀರು ಬೇಕಂತ. ನಮ್ಮನ್ಯಾಗ ಖಾಲಿ ಆಗ್ಯದ."

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನೀರು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ; ಕಳಿಸಿದರೆ ಯಾಕೆಂದು ಹೇಳಬೇಕಿತ್ತು. ಅಣ್ಣ ಚಪ್ಪಡಿ ಸರಿಸಿ ಬಕೇಟು ಇಳಿಬಿಟ್ಟ. ಅವಳ ಕೊಡ ತುಂಬಿದ. ಅದನ್ನೂ ಎತ್ತಿ ಅವಳ ತಲೆಯ ಮೇಲಿಟ್ಟ.

ಆಗ ನಾನು ಹೇಳಿದ್ದು ಒಂದೇ ಮಾತು.

"ಕಾಸಿ ಆರಿಸಿ ಕೊಡು ತಂಗಿ. ಚಲೋ ಹತ್ತು ನಿಮಿಷ ಕುದೀಲಿ."

"ಹೂಂರಿ ಅಕ್ಕೋರ," ಅಂದು ಅವಳು ಹೋದಳು.

ಮಂಗಳವಾರ ಮುಂಜಾನೆ ಬಾಟಲಿ ಮಸಿಯಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಹುಡುಗಿಯ ಮನೆಯ ಮುಂದೆ ಟಂಟಂ ಆಟೋ ನಿಂತಿತ್ತು. ತಾಯಿ ಮಗಳನ್ನು ಚಾದರಿನಲ್ಲಿ ಸುತ್ತಿ ಎದೆಗವಚಿಕೊಂಡು ಹತ್ತುತ್ತಿದ್ದಳು. ಹುಡುಗಿಯ ಕೈ ಚಾದರಿನಿಂದ ಹೊರಗೆ ಜೋತುಬಿದ್ದಿತ್ತು. ನಾನು ಗಾಡಿಯ ಸರಳು ಹಿಡಿದು ಕೇಳಿದೆ.

"ನೀರು ಕಾಸಿದ್ಯೇನು?"

"ಕಟ್ಟಿಗಿ ಎಲ್ಲಾ ತೊಯ್ದಾವ್ರಿ ಅಕ್ಕೋರ. ಹೊಗಿ ಬಿಟ್ರ ಉರೀನೇ ಇಲ್ಲ. ನಿಮ್ಮ ಮನೀ ನೀರೇ ಅಲ್ಲೇನು, ಏನಾಗ್ತದ ಅಂತ ಹಂಗೇ ಕಲಸೀದೆ."

ಗಾಡಿ ಹೋಯಿತು.

ನಾನು ಸಿಸ್ಟರ್‌ಗೆ ಫೋನು ಮಾಡಿದೆ. ಹೌಜು, ಹನ್ನೊಂದು ಹೆಜ್ಜೆ, ಪೈಪಿನ ಸಂದಿ, ತುರಟಿ, ಐದು ದಿನ, ನಿನ್ನೆ ಸಂಜೆಯ ಕೊಡ, ಎಲ್ಲವನ್ನೂ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ಕಲಬುರಗಿ ಡಾಕ್ಟರಿಗೆ ಈಗಿಂದೀಗ ಹೇಳ್ತೇನ್ರಿ. ನೀರಿಂದ ಅಂತ ಗೊತ್ತಿದ್ರ ಅವರಿಗಿ ಭಾಳ ಅನುಕೂಲ ಆಗ್ತದ. ನಿನ್ನಿನೇ ಹೇಳಿದ್ರ ಚಲೋ ಇತ್ತು" ಅಂದರು. ಬೈಯಲಿಲ್ಲ. ಅಷ್ಟೇ ಅಂದರು.

ನಂತರ ಓಣಿಯ ಮನೆಮನೆಗೆ ಹೋದೆ. ನಮ್ಮ ಹೌಜಿನಿಂದ ನೀರು ಒಯ್ದವರಿಗೆಲ್ಲ ಚೆಲ್ಲಿರೆಂದೆ, ಕೊಡಗಳನ್ನು ಕುದಿಯುವ ನೀರಲ್ಲಿ ತೊಳೆಯಿರೆಂದೆ. ಕಾರಣವನ್ನೂ ಹೇಳಿದೆ. ಒಬ್ಬ ಮುದುಕಿ ಕೊಡವನ್ನು ನನ್ನ ಕಾಲ ಮುಂದೆಯೇ ಬೋರಲು ಹಾಕಿದಳು. "ಸಿಹಿನೀರಿನ ಮನಿ!" ಅಂದಳು. ನಾನು ಮರಳಿ ಬಂದಾಗ ನಮ್ಮ ಬಾಗಿಲಲ್ಲಿ ಹತ್ತು ಹನ್ನೆರಡು ಜನ ನೆರೆದಿದ್ದರು. ಅಣ್ಣ ಅವರ ಮುಂದೆ ನಿಂತು, "ನನ್ನ ತಂಗೀನ ಮನಿ ಮಾನ ಬೀದಿಗಿ ತಂದಳ್ರಿ. ನಾ ಏನು ಬೇಕಂತ ಮಾಡೇನೇನು?" ಅನ್ನುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಮೋಸ ಹೋದವನು ತಾನು ಎಂದು ಅವನು ನಂಬಿದ್ದ.

ಬೀಗರಿಗೆ ಸುದ್ದಿ ಮಧ್ಯಾಹ್ನದೊಳಗೆ ಮುಟ್ಟಿತು. ಬುಧವಾರ ಬಂದರು, ನೀರಿನ ಕ್ಯಾನು ತಾವೇ ಗಾಡಿಯಲ್ಲಿ ಹೇರಿಕೊಂಡು ಬಂದರು. ಕುಬಸ ತೊಡಿಸಿ, ಉಡಿ ತುಂಬಿ, ಎರಡು ತುತ್ತು ತಿಂದು ಎದ್ದರು. ಹೊರಡುವಾಗ ಬೀಗತಿ ವೈನಿಗೆ ಅಂದ ಮಾತು ನನಗೂ ಕೇಳಿತು. "ಈಗಿನ ಕಾಲದಾಗ ನೀರೂ ಕೇಳಿ ಕುಡೀಬೇಕ್ರಿ ಬೀಗತಿ. ಹೆಣ್ಣು ಅಷ್ಟ ಕೇಳಿ ತಂದ್ರ ಸಾಲದು."

ಹೌಜು ಖಾಲಿಯಾದದ್ದು ಮುಂದಿನ ಶನಿವಾರ. ಸಿಸ್ಟರ್ ಹೇಳಿದ ಕ್ರಮದಲ್ಲೇ ಆಯಿತು. ಮೊದಲು ಜೇವರ್ಗಿಯಿಂದ ಹೀರುವ ಗಾಡಿ ಬಂದು ಸಂಡಾಸದ ಗುಂಡಿ ಬರಿದು ಮಾಡಿತು. ಅದನ್ನು ಬಿಟ್ಟು ಹೌಜು ತೊಳೆದರೆ ಇನ್ನೊಂದು ಮಳೆಗೆ ಅದೇ ಕತೆ. ಆಮೇಲೆ ಮೋಟಾರು ಹಚ್ಚಿ ಹೌಜಿನ ನೀರನ್ನು ನಳದ ಸಾಲಿನಿಂದ ದೂರ, ಹಿತ್ತಲ ಆಚೆಯ ಬೀಳು ಜಾಗಕ್ಕೆ ಹಾಯಿಸಿದೆವು. ಚಪ್ಪಡಿ ತೆಗೆದು ಒಂದು ದಿನ ಪೂರ್ತಿ ಗಾಳಿಗೆ ಬಿಟ್ಟೆವು.

ಅಷ್ಟರಲ್ಲಿ ಹುಡುಗಿ ಕಲಬುರಗಿಯಿಂದ ಮರಳಿದ್ದಳು. ನಾಲ್ಕು ದಿನ ಸಲೈನಿನ ಮೇಲೆ ಇದ್ದಳಂತೆ. ನಾನು ನೋಡಲು ಹೋಗಿದ್ದೆ. ತಾಯಿ ಬಾಗಿಲು ತೆರೆದಿರಲಿಲ್ಲ.

ತೊಳೆಯುವ ದಿನ ಅವಳು ತಾನಾಗಿ ಬಂದಳು. ಇಬ್ಬರು ಕೂಲಿಯವರು ಬ್ರಶ್ಶು, ಬ್ಲೀಚಿಂಗ್ ಪೌಡರು ಹಿಡಿದು ಇಳಿಯಲು ಸಿದ್ಧರಾಗಿದ್ದರು. ಅವಳು ಚಪ್ಪಲಿ ಬಿಟ್ಟು, ಸೀರೆ ಮೇಲಕ್ಕೆ ಕಟ್ಟಿ, ಅವರನ್ನು ಪಕ್ಕಕ್ಕೆ ಸರಿಸಿದಳು.

"ಮೊದಲು ನಾ ಇಳೀತೇನಿ. ನನ್ನ ಮಗಳಿಗಿ ಕುಡಿಸಿದ್ದು ಏನಂತ ನೋಡಬೇಕು."

ಅಣ್ಣ "ಬ್ಯಾಡವ್ವ, ಜಾರ್ತದ" ಅಂದ. ಅವಳು ಅವನ ಕಡೆ ತಿರುಗಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದಳು. ತಳದಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ಕಲ್ಲಿನ ಮೇಲೆ ಅಗಲಕ್ಕೆ ಎಳೆದಳು. ಆಮೇಲೆ ಕೈ ಎತ್ತಿ ಬೆಳಕಿಗೆ ಹಿಡಿದಳು. ಬೂದು ಬಣ್ಣದ ಲೋಳೆ, ಬೆರಳಿನ ಸಂದುಗಳಿಂದ ಇಳಿಯುತ್ತಿತ್ತು. ತುರಟಿ ಕೂರಿಸಿದ್ದು ಅದನ್ನೇ. ಅದರ ಮೇಲೆ ನಿಂತ ತಿಳಿಯನ್ನು ನಾನು ಐದು ದಿನ ಹೊತ್ತಿದ್ದೆ.

ಅವಳು ಮೇಲೆ ಬರುವಾಗ ನಾನು ಕೈ ಚಾಚಿದೆ. ಹಿಡಿಯಲಿಲ್ಲ. ಗೋಡೆ ಹಿಡಿದು ಬಂದಳು. ಬಂದವಳು ನನ್ನ ಮುಂದೆ ನಿಂತಳು.

"ನಿಮ್ಮ ಅಣ್ಣ ನಿಮಗ ಸುಳ್ಳು ಹೇಳ್ಯಾರಂತ. ಸಿಸ್ಟರ್ ಹೇಳಿದ್ರು. ಇರ್ಲಿ, ಖರೇ. ಆದರ ಆವತ್ತು ಸಂಜಿಮುಂದ ನಾ ಕೊಡ ತಂದಾಗ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು," ಅಂದೆ.

"ಕಾಸಿ ಕೊಡು ಅಂದ್ರಿ. ಯಾಕಂತ ಹೇಳಿದ್ರ ನಾ ಬಾಗಿಲಾ ಮುರದಾದ್ರೂ ಉರಿ ಹಚ್ಚತಿದ್ದೆ ಅಕ್ಕೋರ."

ಕೂಲಿಯವರು ಇಳಿದರು. ಮೂರು ಸಲ ತಿಕ್ಕಿದರು, ಮೂರು ಸಲ ತೊಳೆದ ನೀರನ್ನು ಹೊರಹಾಕಿದರು. ಹೌಜಿನ ಬಾಯಿಯ ಸುತ್ತ ಮೊಣಕಾಲೆತ್ತರ ಕಟ್ಟೆ ಕಟ್ಟಿಸಿದೆವು, ಪೈಪಿನ ಸಂದಿಗೆ ಸಿಮೆಂಟು ಹಾಕಿಸಿದೆವು. ನಳ ಬಂದು ತುಂಬಿದ ಮೇಲೆ ಸಿಸ್ಟರ್ ಹೇಳಿದ ಅಳತೆಗೆ ಕ್ಲೋರಿನ್ ಹಾಕಿ, ಒಂದು ದಿನ ಬಿಟ್ಟು, ಎರಡು ಬಾಟಲಿ ತುಂಬಿಟ್ಟೆ. ಎರಡೂ ಕಪ್ಪಾಗಲಿಲ್ಲ. ಹೌಜು ಶುದ್ಧವಾಯಿತು ಎಂದು ಬರೆಯಲು ನನ್ನ ಬಳಿ ಸಾಕ್ಷಿ ಇದೆ. ಓಣಿಯವರಲ್ಲಿ ಒಬ್ಬರೂ ಮತ್ತೆ ಕೊಡ ತರಲಿಲ್ಲ.

ಅಣ್ಣ ಮತ್ತು ನಾನು ಈಗಲೂ ಅದೇ ಮನೆಯಲ್ಲಿದ್ದೇವೆ. ಕರೆಂಟಿನ ಬಿಲ್ಲು ಬಂತೇ, ಹಾಲಿನವನು ಬಂದನೇ, ಇಷ್ಟು ಮಾತಾಡುತ್ತೇವೆ. ಅವನಿಗೆ ಮೊಮ್ಮಗ ಹುಟ್ಟಿದ್ದಾನೆ, ಆಳಂದದಲ್ಲೇ. ಬೀಗರು ಅವನನ್ನು ಇನ್ನೂ ಈ ಮನೆಗೆ ಕರೆತಂದಿಲ್ಲ.

ಅಂಗನವಾಡಿಗೆ ಕೊನೆಗೂ ನಳದ ನೀರು ಬಂತು, ಮೇಲೊಂದು ಫಿಲ್ಟರೂ ಬಂತು. ಎರಡು ತಿಂಗಳ ಮೇಲೆ ಹುಡುಗಿಯನ್ನು ಕರೆದುಕೊಂಡು ತಾಯಿ ಬಾಗಿಲಿಗೆ ಬಂದಳು. ಹೊಲದ ಕೆಲಸ ಬಿಡುವಂತಿರಲಿಲ್ಲ, ಮಗುವನ್ನು ಬೇರೆಲ್ಲೂ ಬಿಡುವಂತಿರಲಿಲ್ಲ. ಹೊಸ್ತಿಲಾಚೆ ನಿಂತು, ಮಗಳ ಕೈ ಬಿಡದೆ, ಫಿಲ್ಟರಿನ ಕಡೆ ಗದ್ದ ತೋರಿಸಿದಳು.

"ಮೊದಲು ನೀವು ಕುಡೀರಿ."

ನಾನು ಒಂದು ಲೋಟ ತುಂಬಿ, ಅವಳ ಎದುರಿಗೆ ನಿಂತು, ಪೂರ್ತಿ ಕುಡಿದೆ. ಅವಳು ನೋಡುತ್ತಾ ನಿಂತಳು. ಲೋಟ ಖಾಲಿಯಾದ ಮೇಲೆ ಮಗಳ ಕೈ ಬಿಟ್ಟಳು. ಹುಡುಗಿ ಒಳಗೆ ಓಡಿದಳು.

ಅಂದಿನಿಂದ ಇದು ನಿಂತಿಲ್ಲ. ಪ್ರತಿ ಮುಂಜಾನೆ ಅವಳು ಕುಡುಗೋಲು ಬಗಲಲ್ಲಿ ಇಟ್ಟುಕೊಂಡು ಬರುತ್ತಾಳೆ, ಬಾಗಿಲಲ್ಲಿ ನಿಲ್ಲುತ್ತಾಳೆ. ಈಗ ಬಾಯಿಬಿಟ್ಟು ಹೇಳುವುದೂ ಇಲ್ಲ. ನಾನು ಲೋಟ ತುಂಬಿ ಕುಡಿಯುತ್ತೇನೆ.